ನಾಚುವ ಮರಗಪ್ಪೆಯ ನೀರಿನ ಲೆಕ್ಕ

ನಂಜನಗೂಡಿನಲ್ಲಿ ನಮ್ಮ ಪಕ್ಕದ ಮನೆಯವರಿಗೆ ಕಳೆದ ಬೇಸಿಗೆಯಲ್ಲಿ ಟಿ. ನರಸೀಪುರಕ್ಕೆ ವರ್ಗವಾಯಿತು. ಸಾಮಾನು ಕಟ್ಟುವ ಗಡಿಬಿಡಿಯ ನಡುವೆ, ಏಳನೆಯ ತರಗತಿಯಲ್ಲಿ ಓದುವ ಆ ಮನೆಯ ಹುಡುಗಿ ಖಾಲಿ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಹಿಡಿದು ನನ್ನ ಬಳಿ ಬಂದಳು. "ಅಂಕಲ್, ನಮ್ಮ ಬಚ್ಚಲುಮನೆ ಕಪ್ಪೇನ ಇದರಲ್ಲಿ ಹಾಕ್ಕೊಂಡು ಹೋಗ್ಬಹುದಾ? ಅದು ತುಂಬಾ ನಾಚ್ಕೊಳ್ಳುತ್ತೆ. ಹೊಸ ಮನೇಲಿ ಹೊಂದ್ಕೊಳ್ಳುತ್ತಾ?" ಎಂದು ಕೇಳಿದಳು. ಮೂರು ತಿಂಗಳಿಂದ ಆ ಕಪ್ಪೆ ಅವರ ಬಚ್ಚಲುಮನೆಯಲ್ಲಿ ಇತ್ತು. ಹಗಲೆಲ್ಲ ಹಂಡೆಯ ಹಿಂದಿನ ಗೋಡೆಗೆ ಅಂಟಿಕೊಂಡು ಕಣ್ಣು ಮುಚ್ಚಿ ಕುಳಿತಿರುತ್ತಿತ್ತು. ದೀಪ ಹಾಕಿದರೆ ಇನ್ನಷ್ಟು ಮುದುಡುತ್ತಿತ್ತು. ಅವಳು ಅದಕ್ಕೆ ಹೆಸರನ್ನೂ ಇಟ್ಟಿದ್ದಳು.

ನಾನು ಭೌತವಿಜ್ಞಾನದ ಮೇಷ್ಟ್ರು, ಪ್ರಾಣಿಗಳ ವಿಷಯದಲ್ಲಿ ಅಧಿಕಾರದಿಂದ ಮಾತನಾಡುವವನಲ್ಲ. ಆದರೆ ಈ ಪ್ರಶ್ನೆಗೆ ಉತ್ತರಿಸಲು ಬೇಕಾದದ್ದು ಬಹುಮಟ್ಟಿಗೆ ನಿಮ್ಮ ಪ್ರೌಢಶಾಲೆಯ ಪಠ್ಯದಲ್ಲಿರುವ ಭೌತವಿಜ್ಞಾನವೇ: ನೀರು ಹೇಗೆ ಆವಿಯಾಗುತ್ತದೆ, ಆಗ ಉಷ್ಣ ಎಲ್ಲಿಂದ ಬರುತ್ತದೆ, ಗಾಳಿ ಎಷ್ಟು ಆವಿಯನ್ನು ಹಿಡಿದುಕೊಳ್ಳಬಲ್ಲುದು. ಕಪ್ಪೆಯ 'ನಾಚಿಕೆ' ಎಂದು ನಾವು ಹೇಳುವುದರ ದೊಡ್ಡ ಪಾಲು ಈ ಲೆಕ್ಕದಲ್ಲಿ ಅಡಗಿದೆ.

ಸುಣ್ಣದ ಗೋಡೆಯ ನೆಂಟ

ಮೊದಲು ಈ ಕಪ್ಪೆ ಯಾವುದೆಂದು ತಿಳಿಯೋಣ. ನಂಜನಗೂಡು, ಟಿ. ನರಸೀಪುರ ತಾಲ್ಲೂಕುಗಳಲ್ಲಿ ಕಪಿಲೆ ಮತ್ತು ಕಾವೇರಿಯ ನೀರು ನಾಲೆಗಳಲ್ಲಿ ಹರಿದು ಗದ್ದೆ, ತೆಂಗು, ಬಾಳೆಗಳಿಗೆ ಉಣಿಸುತ್ತದೆ. ಇಂತಹ ಕಡೆ ಮನೆಯೊಳಕ್ಕೆ ಬರುವ ಕಪ್ಪೆಗಳು ಮುಖ್ಯವಾಗಿ ಎರಡು. ಮೈಮೇಲೆ ಗಂಟುಗಂಟಾಗಿರುವ, ನೆಲದ ಮೇಲೆ ಕುಪ್ಪಳಿಸುವ ನೆಲಗಪ್ಪೆ ಒಂದು. ನುಣುಪು ಮೈಯ, ಗೋಡೆ ಹತ್ತುವ ಮರಗಪ್ಪೆ ಇನ್ನೊಂದು. ಈ ಎರಡನೆಯದರ ಬೆರಳುಗಳ ತುದಿಯಲ್ಲಿ ಪುಟ್ಟ ತಟ್ಟೆಗಳಿರುತ್ತವೆ. ಮೈಬಣ್ಣ ತಿಳಿಹಳದಿಯಿಂದ ಕಂದಿನವರೆಗೆ ಬದಲಾಗುತ್ತಿರುತ್ತದೆ. ಅದು ಕಾಲು ಚಾಚಿದಾಗ ತೊಡೆಯ ಹಿಂಭಾಗದಲ್ಲಿ ಹಳದಿ ಚುಕ್ಕೆಗಳು ಕಾಣುತ್ತವೆ. ಅದರ ವೈಜ್ಞಾನಿಕ ಹೆಸರು ಪಾಲಿಪೆಡೇಟಸ್ ಮ್ಯಾಕ್ಯುಲೇಟಸ್. ಲ್ಯಾಟಿನ್‌ನಲ್ಲಿ 'ಮ್ಯಾಕ್ಯುಲೇಟಸ್' ಎಂದರೆ ಚುಕ್ಕೆಯುಳ್ಳದ್ದು. 1830ರಲ್ಲಿ ಇದನ್ನು ವಿಜ್ಞಾನಲೋಕಕ್ಕೆ ಪರಿಚಯಿಸಿದವನು ಬ್ರಿಟಿಷ್ ಪ್ರಾಣಿವಿಜ್ಞಾನಿ ಜಾನ್ ಎಡ್ವರ್ಡ್ ಗ್ರೇ. ಗಂಡು ಸುಮಾರು 5 ಸೆಂ.ಮೀ. ಇರುತ್ತದೆ, ಹೆಣ್ಣು 7 ಸೆಂ.ಮೀ. ದಾಟಬಹುದು.

ಇಂಗ್ಲಿಷಿನಲ್ಲಿ ಇದಕ್ಕೆ 'ಚುನಂ ಫ್ರಾಗ್' ಎಂಬ ಹೆಸರೂ ಉಂಟು. ಚುನಂ ಎಂದರೆ ನಮ್ಮ ಸುಣ್ಣವೇ. ಸುಣ್ಣ ಬಳಿದ ಗೋಡೆಯ ಮೇಲೆ ತಾನೂ ಬಿಳಿಚಿಕೊಂಡು ಕುಳಿತಿರುವುದನ್ನು ಕಂಡವರಿಗೆ ಈ ಹೆಸರು ಸರಿಯೆನಿಸುತ್ತದೆ. ಒದ್ದೆ ಕಪ್ಪೆ ನುಣುಪಾದ ಗೋಡೆಯಿಂದ ಜಾರದೆ ನಿಲ್ಲುವುದಾದರೂ ಹೇಗೆ? ಬೆರಳ ತಟ್ಟೆಯ ಮೇಲ್ಮೈ ಸುಮಾರು 10 ಮೈಕ್ರೋಮೀಟರ್ ಅಗಲದ, ಹೆಚ್ಚಾಗಿ ಷಟ್ಕೋನಾಕಾರದ ಜೀವಕೋಶಗಳಿಂದ ಆಗಿದೆ. ಅವುಗಳ ನಡುವಿನ ಸಣ್ಣ ಕಾಲುವೆಗಳಲ್ಲಿ ಲೋಳೆ ಹರಿಯುತ್ತದೆ. ಹೆಚ್ಚುವರಿ ಲೋಳೆ ಈ ಕಾಲುವೆಗಳಲ್ಲಿ ಬಸಿದುಹೋಗಿ, ತಟ್ಟೆಗೂ ಗೋಡೆಗೂ ನಡುವೆ ಅತ್ಯಂತ ತೆಳುವಾದ ಪೊರೆ ಉಳಿಯುತ್ತದೆ. ಆಸ್ಟ್ರೇಲಿಯಾದ ಒಂದು ಮರಗಪ್ಪೆಯಲ್ಲಿ ಈ ಪೊರೆಯನ್ನು ಅಳೆದು 2006ರಲ್ಲಿ ಪ್ರಕಟಿಸಿದ ಫೆಡರ್ಲೆ, ಬಾರ್ನ್ಸ್ ಮತ್ತು ಸಂಗಡಿಗರು, ಅದು 35 ನ್ಯಾನೋಮೀಟರಿಗಿಂತ ಹೆಚ್ಚು ದಪ್ಪವಿಲ್ಲ, ಕೆಲವೆಡೆ ತಟ್ಟೆ ನೇರವಾಗಿಯೇ ಮೇಲ್ಮೈಯನ್ನು ತಾಗುತ್ತದೆ ಎಂದು ಕಂಡರು. ಎರಡು ಒದ್ದೆ ಗಾಜಿನ ಹಲಗೆಗಳು ಅಂಟಿಕೊಳ್ಳುವುದನ್ನು ಪ್ರಯೋಗಾಲಯದಲ್ಲಿ ನೋಡಿದವರಿಗೆ ಇದು ಹೊಸದಲ್ಲ. ಇಲ್ಲಿ ನಾವು ನೆನಪಿಡಬೇಕಾದದ್ದು ಇಷ್ಟೆ: ಗೋಡೆಗೆ ಅಂಟಿಕೊಳ್ಳುವುದಕ್ಕೂ ಈ ಪ್ರಾಣಿಗೆ ನೀರು ಬೇಕು.

ಜಾಡಿಯಲ್ಲಿ ಏನಾಯಿತು?

ಹುಡುಗಿಯ ಕೈಯಲ್ಲಿದ್ದ ಡಬ್ಬಿ ನೋಡಿದಾಗ ನನಗೆ ಹಳೆಯದೊಂದು ನೆನಪಾಯಿತು. ಆಗ ನನಗೆ ಹತ್ತು ವರ್ಷ. ಟಿ. ನರಸೀಪುರದಲ್ಲಿ ಅಜ್ಜಿಯ ಮನೆಯ ಬಾಳೆಗಿಡದಿಂದ ಇಂಥದೇ ಒಂದು ಮರಗಪ್ಪೆಯನ್ನು ಹಿಡಿದು ಗಾಜಿನ ಜಾಡಿಗೆ ಹಾಕಿದ್ದೆ. ಉಸಿರಾಡಲಿ ಎಂದು ಮುಚ್ಚಳಕ್ಕೆ ಮೊಳೆಯಿಂದ ಮೂರು ತೂತು ಹೊಡೆದಿದ್ದೆ. ತಳದಲ್ಲಿ ಸ್ವಲ್ಪ ನೀರು, ಎರಡು ಎಲೆ. ಜಾಡಿಯನ್ನು ಕಿಟಕಿಯಲ್ಲಿಟ್ಟು ಊಟಕ್ಕೆ ಹೋದೆ. ಮಧ್ಯಾಹ್ನ ಬಿಸಿಲು ಆ ಕಿಟಕಿಗೆ ಬಂತು. ನಾನು ಬಂದು ನೋಡುವಾಗ ಕಪ್ಪೆ ಸತ್ತಿತ್ತು. "ಗಾಳಿ ಸಾಲಲಿಲ್ಲ" ಎಂದರು ಮನೆಯವರು. ನಾನೂ ಹಾಗೆಂದೇ ಬಹಳ ವರ್ಷ ನಂಬಿದ್ದೆ.

ಈಗ ಲೆಕ್ಕ ಹಾಕಿದರೆ ಅದು ಸರಿಯಲ್ಲ ಎನ್ನಿಸುತ್ತದೆ. ಹತ್ತು ಗ್ರಾಂ ತೂಕದ, ಸುಮ್ಮನೆ ಕುಳಿತ ಕಪ್ಪೆಗೆ ಗಂಟೆಗೆ ಒಂದೆರಡು ಮಿಲಿಲೀಟರ್ ಆಕ್ಸಿಜನ್ ಸಾಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿ.ಲೀ. ಆಕ್ಸಿಜನ್ ಇದೆ. ಒಂದು ಊಟದ ಹೊತ್ತಿನಲ್ಲಿ ಅದು ಮುಗಿಯುವುದಿಲ್ಲ. ಹಾಗಾದರೆ ಕೊಂದದ್ದು ಯಾವುದು? 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ಗಾಳಿ ಹಿಡಿದಿಡಬಲ್ಲ ನೀರಾವಿ ಕೇವಲ 30 ಮಿಲಿಗ್ರಾಂ. ತಳದಲ್ಲಿ ನೀರು, ಒದ್ದೆ ಎಲೆ, ಒದ್ದೆ ಕಪ್ಪೆ ಇರುವ ಜಾಡಿಯಲ್ಲಿ ಕೆಲವೇ ನಿಮಿಷಗಳಲ್ಲಿ ಗಾಳಿ ಆವಿಯಿಂದ ಪರ್ಯಾಪ್ತವಾಗಿಬಿಡುತ್ತದೆ. ಆಮೇಲೆ ಕಪ್ಪೆಯ ಮೈಯಿಂದ ನೀರು ಆವಿಯಾಗಲಾರದು. ಆವಿಯಾಗದಿದ್ದರೆ ಮೈ ತಂಪಾಗದು. ಅದರ ಮೇಲೆ ಬಿಸಿಲು ಗಾಜಿನ ಮೂಲಕ ಒಳಕ್ಕೆ ಬರುತ್ತಲೇ ಇದೆ. ಮೂರು ತೂತುಗಳಿಂದ ಆ ಉಷ್ಣ ಹೊರಹೋಗಲು ಸಾಧ್ಯವೇ? ನನ್ನ ಕಪ್ಪೆ ಸತ್ತದ್ದು ಉಸಿರುಕಟ್ಟಿ ಅಲ್ಲ, ಬೆಂದು. ಇದನ್ನು ಬರೆಯಲು ಇಂದಿಗೂ ಮನಸ್ಸಿಗೆ ಕಷ್ಟವಾಗುತ್ತದೆ. ಆದರೂ ಡಬ್ಬಿಗೆ ತೂತು ಹೊಡೆದರೆ ಸಾಕೆಂದು ನಂಬಿರುವ ಮಕ್ಕಳು ಈಗಲೂ ಇದ್ದಾರೆ, ಅವರಿಗಾಗಿ ಬರೆದಿದ್ದೇನೆ.

ಮಡಕೆ ಮತ್ತು ಕಪ್ಪೆ

ಬೇಸಿಗೆಯಲ್ಲಿ ಮಣ್ಣಿನ ಮಡಕೆಯ ನೀರು ಏಕೆ ತಂಪಾಗಿರುತ್ತದೆ ಎಂಬುದು ನಿಮಗೆ ಗೊತ್ತು. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಹೊರಗೆ ಜಿನುಗಿದ ನೀರು ಆವಿಯಾಗುತ್ತದೆ. ಪ್ರತಿ ಗ್ರಾಂ ನೀರು ಆವಿಯಾಗಲು ಸುಮಾರು 2,400 ಜೂಲ್ ಗುಪ್ತೋಷ್ಣ ಬೇಕು. ಅದು ಮಡಕೆಯಿಂದಲೇ ಹೋಗುತ್ತದೆ. ಕಪ್ಪೆ ಒಂದು ಜೀವಂತ ಮಡಕೆ. ಅದರ ಚರ್ಮ ನಮ್ಮದರಂತೆ ನೀರನ್ನು ತಡೆಯುವುದಿಲ್ಲ. ಹೆಚ್ಚಿನ ಕಪ್ಪೆಗಳ ಒದ್ದೆ ಮೈಯಿಂದ ನೀರು ಆವಿಯಾಗುವ ವೇಗ, ಅಷ್ಟೇ ವಿಸ್ತೀರ್ಣದ ತೆರೆದ ನೀರಿನಿಂದ ಆವಿಯಾಗುವ ವೇಗಕ್ಕೆ ಹತ್ತಿರವಿರುತ್ತದೆ.

ಮಡಕೆಗೂ ಕಪ್ಪೆಗೂ ಒಂದು ವ್ಯತ್ಯಾಸವಿದೆ. ಮಡಕೆ ಖಾಲಿಯಾದರೆ ನಾವು ತುಂಬಿಸುತ್ತೇವೆ. ಕಪ್ಪೆ ತನ್ನ ಮೈಯ ನೀರನ್ನೇ ಖರ್ಚು ಮಾಡುತ್ತದೆ. ಅದರ ತೂಕದ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಹಲವು ಜಾತಿಯ ಕಪ್ಪೆಗಳು ಮೈತೂಕದ ಕಾಲುಭಾಗದಷ್ಟು ನೀರು ಕಳೆದುಕೊಂಡೂ ಬದುಕುತ್ತವೆ. ಮನುಷ್ಯ ಅಷ್ಟು ದೂರ ಹೋಗಲಾರ. ಆದರೆ ಅಲ್ಲಿಗೆ ಮುಟ್ಟುವ ಮೊದಲೇ ಅದರ ನೆಗೆತ ಕುಗ್ಗುತ್ತದೆ, ಬೇಟೆ ಹಿಡಿಯಲಾಗುವುದಿಲ್ಲ, ಬೆಕ್ಕಿನಿಂದಲೋ ಹಾವಿನಿಂದಲೋ ತಪ್ಪಿಸಿಕೊಳ್ಳಲಾಗುವುದಿಲ್ಲ.

ಈಗ ಬಚ್ಚಲುಮನೆಯ ಲೆಕ್ಕಕ್ಕೆ ಬರೋಣ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಂಗಳದಲ್ಲಿ ತಾಪ 35 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇಕಡ 30 ಎಂದಿಟ್ಟುಕೊಳ್ಳಿ. 35 ಡಿಗ್ರಿಯ ಒಂದು ಘನಮೀಟರ್ ಗಾಳಿ ಗರಿಷ್ಠ 39.6 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಅಂದರೆ ಅಂಗಳದ ಗಾಳಿಯಲ್ಲಿರುವುದು 11.9 ಗ್ರಾಂ, ಕೊರತೆ 27.7 ಗ್ರಾಂ. ಅದೇ ಹೊತ್ತಿನಲ್ಲಿ ಬಚ್ಚಲುಮನೆಯೊಳಗೆ ತಾಪ 28 ಡಿಗ್ರಿ, ಆರ್ದ್ರತೆ ಶೇಕಡ 80 ಇರಬಹುದು. ಅಲ್ಲಿ ಗರಿಷ್ಠ 27.2 ಗ್ರಾಂ, ಇರುವುದು 21.8, ಕೊರತೆ ಕೇವಲ 5.4 ಗ್ರಾಂ. ಗಾಳಿಯ 'ಬಾಯಾರಿಕೆ' ಒಂದು ಬಾಗಿಲಿನ ಆಚೆಗೂ ಈಚೆಗೂ ಐದು ಪಟ್ಟು ವ್ಯತ್ಯಾಸವಾಯಿತು!

ಕಪ್ಪೆ ತಾನೇ ತಂಪಾಗುವುದರಿಂದ ಈ ಲೆಕ್ಕವನ್ನು ಸ್ವಲ್ಪ ತಿದ್ದಬೇಕು. ಅಂಗಳದ ಆ ಗಾಳಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ತಾಪಮಾಪಕ ಸುಮಾರು 22 ಡಿಗ್ರಿ ತೋರಿಸುತ್ತದೆ. ನೆರಳಲ್ಲಿ ಕುಳಿತ ಒದ್ದೆ ಕಪ್ಪೆಯ ಮೈ 24ರ ಆಸುಪಾಸಿನಲ್ಲಿರುತ್ತದೆ ಎಂದುಕೊಳ್ಳೋಣ. ಚರ್ಮಕ್ಕೆ ತಾಗಿದ ಗಾಳಿಯಲ್ಲಿ ಘನಮೀಟರಿಗೆ 21.8 ಗ್ರಾಂ ಆವಿ ಇರುತ್ತದೆ, ದೂರದ ಗಾಳಿಯಲ್ಲಿ 11.9. ಬಚ್ಚಲುಮನೆಯಲ್ಲಿ ಮೈ 26 ಡಿಗ್ರಿ ಇದ್ದರೆ ಈ ಎರಡು ಅಂಕಿಗಳು 24.4 ಮತ್ತು 21.8. ವ್ಯತ್ಯಾಸಗಳು ಕ್ರಮವಾಗಿ ಸುಮಾರು 10 ಮತ್ತು 2.6. ಅನುಪಾತ ನಾಲ್ಕಕ್ಕೆ ಇಳಿಯಿತು. ಗಾಳಿ ಅಷ್ಟಾಗಿ ಆಡದ ಕಡೆ ಕುಳಿತ ಹತ್ತು ಗ್ರಾಂ ಕಪ್ಪೆ ಅಂಗಳದಲ್ಲಿ ಗಂಟೆಗೆ ಹೆಚ್ಚುಕಡಿಮೆ 0.4 ಗ್ರಾಂ, ಬಚ್ಚಲುಮನೆಯಲ್ಲಿ 0.1 ಗ್ರಾಂ ನೀರು ಕಳೆದುಕೊಳ್ಳುತ್ತದೆ ಎಂದು ನನ್ನ ಅಂದಾಜು. ಮೈತೂಕದ ಕಾಲುಭಾಗ, ಎಂದರೆ ಎರಡೂವರೆ ಗ್ರಾಂ ಮುಗಿಯಲು ಅಂಗಳದಲ್ಲಿ ಆರು ಗಂಟೆ ಸಾಕು. ಬಚ್ಚಲುಮನೆಯಲ್ಲಿ ಒಂದು ಹಗಲು ಒಂದು ರಾತ್ರಿ ಬೇಕು. ಒಂದು ಬೇಸಿಗೆಯ ಹಗಲನ್ನು ದಾಟಲು ಆರು ಗಂಟೆ ಸಾಲದು ಎಂಬುದನ್ನು ಗಮನಿಸಿ. ಕಪ್ಪೆ ಏಕೆ ನಿಮ್ಮ ಹಂಡೆಯ ಹಿಂದೆ ಬಂದು ಕುಳಿತಿದೆ ಎಂಬುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಇನ್ನು ಅದು ಮುದುಡಿ ಕೂರುವ ಭಂಗಿ. ಕೈಕಾಲುಗಳನ್ನು ಹೊಟ್ಟೆಯ ಕೆಳಗೆ ಮಡಚಿ, ಗದ್ದವನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ ಒಂದು ಉಂಡೆಯಂತಾಗುತ್ತದೆ. ಹಾಗೆ ಮಾಡಿದಾಗ ಗಾಳಿಗೆ ತೆರೆದ ಮೈಯ ವಿಸ್ತೀರ್ಣ ಸುಮಾರು ಅರ್ಧಕ್ಕೆ ಇಳಿಯುತ್ತದೆ, ನೀರಿನ ಖರ್ಚೂ ಅರ್ಧವಾಗುತ್ತದೆ. ಕಪ್ಪೆ ನಾಚಿಕೊಂಡಿತೆಂದು ಹುಡುಗಿಗೆ ಅನ್ನಿಸಿದ್ದು ಇದನ್ನು ನೋಡಿಯೇ. ನೀವು ದೀಪ ಹಾಕಿ, ಹತ್ತಿರ ಹೋಗಿ, ಬೆರಳಿನಿಂದ ಮುಟ್ಟಿದರೆ ಅದು ಕಾಲು ಬಿಚ್ಚಿ ನೆಗೆಯಬೇಕಾಗುತ್ತದೆ. ಉಳಿತಾಯವೆಲ್ಲ ಅಲ್ಲಿಗೆ ಮುಗಿಯಿತು. ಶತ್ರುಭಯವೂ ಈ ಅಡಗುವಿಕೆಗೆ ಕಾರಣವೇ, ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಎರಡೂ ಕಾರಣಗಳು ಒಂದೇ ಕಡೆಗೆ ಬೆರಳು ತೋರಿಸುತ್ತವೆ: ಹಗಲಿನಲ್ಲಿ ಕದಲಬಾರದು.

ನಮ್ಮ ಈ ಮರಗಪ್ಪೆಗೆ ಇನ್ನೊಂದು ಉಪಾಯವೂ ಗೊತ್ತು. ಅಮೆರಿಕದ ಹಾರ್ವೆ ಲಿಲ್ಲಿವೈಟ್ ಮತ್ತು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಎ.ಕೆ. ಮಿತ್ತಲ್ ಮೊದಲಾದವರು ಇದೇ ಜಾತಿಯನ್ನು ಪರಿಶೀಲಿಸಿ 1997ರಲ್ಲಿ ಬರೆದರು. ಕಪ್ಪೆ ತನ್ನ ಚರ್ಮದ ಗ್ರಂಥಿಗಳ ಸ್ರಾವವನ್ನು ಕೈಕಾಲುಗಳಿಂದ ಮೈಗೆಲ್ಲ ಸವರಿಕೊಳ್ಳುತ್ತದೆ, ಆ ಸ್ರಾವದಲ್ಲಿ ಮೇದಸ್ಸಿನ ಅಂಶವೂ ಇರುತ್ತದೆ. ನಾವು ಚಳಿಗಾಲದಲ್ಲಿ ಕೈಗೆ ಎಣ್ಣೆ ಹಚ್ಚಿಕೊಳ್ಳುವಂತೆ ಎನ್ನಿ. ಇದರಿಂದ ನೀರು ಆವಿಯಾಗುವುದು ಪೂರ್ತಿ ನಿಲ್ಲದಿದ್ದರೂ ತಗ್ಗುತ್ತದೆ. ಅಂದಮೇಲೆ ನನ್ನ ಮೇಲಿನ ಅಂಕಿಗಳನ್ನು ಕಪ್ಪೆ ಏನೂ ಉಪಾಯ ಮಾಡದಿದ್ದಾಗಿನ ಗರಿಷ್ಠ ಖರ್ಚು ಎಂದು ತಿಳಿಯಬೇಕು. ಇಷ್ಟು ಶ್ರಮಪಟ್ಟು ಸವರಿಕೊಂಡ ಲೇಪವನ್ನು ಸೋಪು ಹಚ್ಚಿದ ಕೈಯಿಂದ ಮುಟ್ಟಿ ಒರೆಸಿಬಿಡುವುದು ಎಷ್ಟು ಸುಲಭ ನೋಡಿ.

ಹಾಗಾದರೆ ಒಯ್ಯಬಹುದೆ?

ಹುಡುಗಿಗೆ ಇಷ್ಟನ್ನೂ ಹೇಳಿದ ಮೇಲೆ ಬೇಡವೆಂದೆ. ಅವಳಿಗೆ ಬೇಸರವಾಯಿತು. "ಅಲ್ಲೂ ಬಚ್ಚಲುಮನೆ ಇದೆಯಲ್ಲ?" ಎಂದಳು. ಒಳ್ಳೆಯ ಪ್ರಶ್ನೆ. ಆದರೆ ಕಪ್ಪೆಗೆ ಬೇಕಾದದ್ದು ಬಚ್ಚಲುಮನೆ ಒಂದೇ ಅಲ್ಲ. ರಾತ್ರಿ ಅದು ಯಾವ ಕಿಟಕಿಯಿಂದ ಹೊರಗೆ ಹೋಗುತ್ತದೆ, ಯಾವ ದೀಪದ ಕೆಳಗೆ ಹುಳು ಸಿಗುತ್ತದೆ, ಮಳೆ ಬಂದಾಗ ಯಾವ ಗುಂಡಿಯ ಬಳಿ ಜೊತೆ ಸಿಗುತ್ತದೆ, ಬೆಳಗಾಗುವ ಮೊದಲು ಯಾವ ಸಂದಿಗೆ ಮರಳಬೇಕು ಎಂಬುದೆಲ್ಲ ಅದು ತಿಂಗಳುಗಟ್ಟಲೆ ಓಡಾಡಿ ಕಲಿತದ್ದು. ಹಲವು ಜಾತಿಯ ಕಪ್ಪೆಗಳು ದಿನವೂ ಅದೇ ಅಡಗುತಾಣಕ್ಕೆ ಮರಳುತ್ತವೆ. ಅಪರಿಚಿತ ಜಾಗದಲ್ಲಿ ಬಿಟ್ಟ ಕಪ್ಪೆ ಬೆಳಗಿನೊಳಗೆ ತೇವದ ಸಂದಿ ಹುಡುಕಲು ಸೋತರೆ ಏನಾಗುತ್ತದೆ ಎಂಬುದನ್ನು ಆರು ಗಂಟೆಯ ಲೆಕ್ಕವೇ ಹೇಳಿತು.

ಇನ್ನೊಂದು ಕಾರಣ ರೋಗ. ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರವನ್ನು 1999ರಲ್ಲಿ ಹೊಸ ಜಾತಿಯೆಂದು ವಿವರಿಸಲಾಯಿತು. ಈ ಶಿಲೀಂಧ್ರರೋಗದಿಂದ ಜಗತ್ತಿನಲ್ಲಿ ಕನಿಷ್ಠ 501 ಜಾತಿಯ ಉಭಯವಾಸಿಗಳ ಸಂಖ್ಯೆ ಕುಸಿದಿದೆ, ಅವುಗಳಲ್ಲಿ 90 ಜಾತಿಗಳು ನಶಿಸಿಹೋಗಿರಬಹುದು ಎಂದು 2019ರ ಒಂದು ದೊಡ್ಡ ಸಮೀಕ್ಷೆ ಲೆಕ್ಕ ಹಾಕಿತು. ಅದನ್ನು ಖಂಡದಿಂದ ಖಂಡಕ್ಕೆ ಹರಡಿದ್ದರಲ್ಲಿ ಸಾಕಲೆಂದು, ತಿನ್ನಲೆಂದು, ಪ್ರಯೋಗಕ್ಕೆಂದು ಕಪ್ಪೆಗಳನ್ನು ಸಾಗಿಸಿದ ಮನುಷ್ಯನ ಪಾತ್ರ ದೊಡ್ಡದು. ನಂಜನಗೂಡಿನಿಂದ ಟಿ. ನರಸೀಪುರ ಏನೂ ಖಂಡಾಂತರವಲ್ಲ, ಕಪಿಲೆಯೇ ಎರಡೂ ಊರುಗಳನ್ನು ಮುಟ್ಟಿ ಸಂಗಮ ಸೇರುತ್ತಾಳೆ. ಆದರೂ ಕಾಡಿನ ಕಪ್ಪೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಊರೂರಿಗೆ ಒಯ್ಯುವ ಅಭ್ಯಾಸ ಒಳ್ಳೆಯದಲ್ಲ.

ಕೆಲವೊಮ್ಮೆ ಎತ್ತಲೇಬೇಕಾಗುತ್ತದೆ. ಮನೆಗೆ ಸುಣ್ಣ ಬಳಿಯುವಾಗ, ಗೋಡೆ ಕೆಡವುವಾಗ, ಅಥವಾ ತೋಟದಿಂದ ಬಂದ ಬಾಳೆಗೊನೆಯ ನಡುವೆ ಕಪ್ಪೆ ಸಿಕ್ಕಾಗ. ಆಗ ಸೋಪಿಲ್ಲದೆ ಕೈ ತೊಳೆದು, ಒದ್ದೆ ಕೈಯಿಂದಲೇ ಅಥವಾ ಒದ್ದೆ ಬಟ್ಟೆಯಿಂದ ಮೆಲ್ಲಗೆ ಹಿಡಿಯಿರಿ. ಒಣ ಕೈ ಅದರ ಲೋಳೆಯನ್ನು ಹೀರುತ್ತದೆ. ಅಗಲ ಬಾಯಿಯ ಡಬ್ಬಿಗೆ ಒದ್ದೆ ಬಟ್ಟೆಯೊಂದನ್ನು ಹಾಸಿ, ಮೇಲೆ ತೆಳು ಬಟ್ಟೆ ಕಟ್ಟಿ, ನೆರಳಲ್ಲಿಡಿ. ನೀರು ತುಂಬಿಸಬೇಡಿ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ, ತೊಡೆಗಳ ನಡುವಿನ ತೆಳು ಚರ್ಮದಿಂದ ಹೀರಿಕೊಳ್ಳುತ್ತದೆ, ಅದಕ್ಕೆ ಒದ್ದೆ ಬಟ್ಟೆಯೇ ಸಾಕು. ಮುಸ್ಸಂಜೆಯಲ್ಲಿ, ಸಿಕ್ಕಿದ ಜಾಗಕ್ಕೆ ಆದಷ್ಟು ಹತ್ತಿರ, ಪೊದೆಯ ಬುಡದಲ್ಲಿ ಬಿಟ್ಟುಬಿಡಿ. ಆಮೇಲೆ ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ, ಅದರ ಸ್ರಾವ ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಕಪ್ಪೆ ಮುಟ್ಟಿದರೆ ನರಹುಲಿ ಏಳುತ್ತದೆ ಎಂಬುದು ಮಾತ್ರ ಸುಳ್ಳು. ನರಹುಲಿಗೆ ಕಾರಣ ಮನುಷ್ಯರಲ್ಲಿ ಹರಡುವ ಒಂದು ವೈರಸ್.

ಗಾಯಗೊಂಡ ಕಪ್ಪೆಯನ್ನು ಒಂದೆರಡು ದಿನ ಇಟ್ಟುಕೊಳ್ಳಬೇಕಾಗಿ ಬಂದರೆ ಡಬ್ಬಿಯ ಸುತ್ತ ಕಾಗದ ಅಂಟಿಸಿ. ಪಾರದರ್ಶಕ ಗೋಡೆ ಅದಕ್ಕೆ ಅರ್ಥವಾಗುವುದಿಲ್ಲ, ಹೊರಗೆ ದಾರಿಯಿದೆಯೆಂದು ಮತ್ತೆ ಮತ್ತೆ ನೆಗೆದು ಮೂತಿ ಕೆತ್ತಿಕೊಳ್ಳುತ್ತದೆ. ಮೊದಲ ದಿನ ತಿನ್ನಲಿಲ್ಲವೆಂದು ಗಾಬರಿಯಾಗಬೇಡಿ. ಆಹಾರವಿಲ್ಲದೆ ಅದು ಹಲವು ದಿನ ಇರಬಲ್ಲುದು, ನೀರಿಲ್ಲದೆ ಇರಲಾರದು.

ಕಪ್ಪೆಗೆ ಒಗ್ಗುವ ಮನೆ

ಕಪ್ಪೆಯನ್ನು ಮನೆಗೆ ಒಗ್ಗಿಸುವುದಕ್ಕಿಂತ ಮನೆಯನ್ನು ಕಪ್ಪೆಗೆ ಒಗ್ಗಿಸುವುದು ಸುಲಭ. ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಗಾಳಿಯ ವೇಗ. ಒದ್ದೆ ಮೇಲ್ಮೈಗೆ ತಾಗಿಕೊಂಡು ಆವಿ ತುಂಬಿದ ಗಾಳಿಯ ಒಂದು ತೆಳು ಪದರವಿರುತ್ತದೆ. ಫ್ಯಾನ್ ಹಾಕಿದರೆ ಆ ಪದರ ಇನ್ನೂ ತೆಳುವಾಗುತ್ತದೆ, ಆವಿಯಾಗುವ ವೇಗ ಎರಡು ಮೂರು ಪಟ್ಟು ಏರುತ್ತದೆ. ಒಗೆದ ಬಟ್ಟೆಯನ್ನು ಫ್ಯಾನಿನ ಕೆಳಗೆ ಒಣಗಿಸುವವರಿಗೆ ಇದು ಗೊತ್ತು. ಹಜಾರಕ್ಕೆ ದಾರಿತಪ್ಪಿ ಬಂದ ಮರಗಪ್ಪೆ ಬೆಳಿಗ್ಗೆ ಸೋಫಾದ ಕೆಳಗೆ ಒಣಗಿ ಸಿಗುವುದು ಇದರಿಂದಲೇ. ರಾತ್ರಿ ಕಪ್ಪೆ ಕೋಣೆಗೆ ಬಂದದ್ದು ಕಂಡರೆ ಫ್ಯಾನ್ ನಿಲ್ಲಿಸಿ, ದೀಪ ಆರಿಸಿ, ಬಚ್ಚಲಿನ ಬಾಗಿಲು ಅಥವಾ ಕಿಟಕಿ ತೆರೆದಿಡಿ.

ಎರಡನೆಯ ಅಪಾಯ ಬಚ್ಚಲು ತೊಳೆಯುವ ಆಸಿಡ್ ಮತ್ತು ಫಿನೈಲು. ನೀರನ್ನು ಒಳಗೆ ಬಿಟ್ಟುಕೊಳ್ಳುವ ಚರ್ಮ ಇವುಗಳನ್ನೂ ಬಿಟ್ಟುಕೊಳ್ಳುತ್ತದೆ. ಅವನ್ನು ಹಾಕುವ ಮುಂಚೆ ಹಂಡೆಯ ಹಿಂದೆ, ಬಕೆಟ್ಟಿನ ಅಡಿಯಲ್ಲಿ ಒಮ್ಮೆ ನೋಡಿ, ಆಮೇಲೆ ಸಾಕಷ್ಟು ನೀರು ಹಾಕಿ. ನಲ್ಲಿಯ ನೀರಿನಲ್ಲಿಯೂ ಕ್ಲೋರಿನ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂಬುದು ಭಾರತೀಯ ಮಾನಕ. ಕಪ್ಪೆಗಾಗಿ ಇಡುವ ನೀರನ್ನು ಅಗಲ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟರೆ ಅದರ ಬಹುಪಾಲು ಹಾರಿಹೋಗುತ್ತದೆ. ಮಳೆನೀರಾದರೆ ಇನ್ನೂ ಒಳ್ಳೆಯದು.

ಅಡಗುತಾಣವೊಂದನ್ನು ಮಾಡಿಕೊಡಬೇಕೆಂದಿದ್ದರೆ ಹೆಚ್ಚು ಖರ್ಚಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಮರಗಪ್ಪೆಗಳನ್ನು ಎಣಿಸುವ ಸಂಶೋಧಕರು ಪಿವಿಸಿ ಪೈಪಿನ ತುಂಡುಗಳನ್ನು ಮರಗಳಿಗೆ ಕಟ್ಟುತ್ತಾರೆ, ಕಪ್ಪೆಗಳು ತಾವಾಗಿಯೇ ಬಂದು ಸೇರುತ್ತವೆ. ಒಂದೂವರೆ ಎರಡು ಅಂಗುಲ ಅಗಲದ, ಎರಡು ಅಡಿ ಉದ್ದದ ಪೈಪಿನ ಒಂದು ತುದಿ ಮುಚ್ಚಿ, ಒಳಗೆ ಸ್ವಲ್ಪ ನೀರು ಹಾಕಿ, ನೆರಳಿರುವ ಕಡೆ ಗಿಡಕ್ಕೆ ನೇರವಾಗಿ ಕಟ್ಟಿ. ಕಿರಿದಾದ ಕೊಳವೆಯಲ್ಲಿ ಗಾಳಿ ಆಡುವುದಿಲ್ಲ, ಆವಿ ಒಳಗೇ ನಿಲ್ಲುತ್ತದೆ, ಮೇಲ್ಗಡೆ ತೆರೆದಿರುವುದರಿಂದ ಜಾಡಿಯಂತೆ ಕಾಯುವುದೂ ಇಲ್ಲ. ಬಿದಿರಿನ ಬೊಂಬು ಸಿಕ್ಕರೆ ಅದೂ ಆದೀತು. ಒಂದು ಎಚ್ಚರಿಕೆ: ಡೆಂಗಿ ಹರಡುವ ಸೊಳ್ಳೆಗೂ ಇಂಥ ನೀರು ಇಷ್ಟ. ವಾರಕ್ಕೊಮ್ಮೆ ತಪ್ಪದೆ ನೀರು ಚೆಲ್ಲಿ ಬದಲಾಯಿಸಿ. ಅದು ಆಗದ ಮಾತೆಂದಾದರೆ ನೀರಿಲ್ಲದೆಯೇ ಕಟ್ಟಿ, ಮಳೆನೀರು ನಿಲ್ಲದಂತೆ ತಳದಲ್ಲಿ ಒಂದು ತೂತು ಬಿಡಿ.

ಚೈನಾ ಗ್ರಾಸಿನ ಕಪ್ಪೆ

ಹುಡುಗಿ ಖಾಲಿ ಡಬ್ಬಿಯೊಂದಿಗೆ ಹೋಗುವುದು ನನಗೂ ಇಷ್ಟವಿರಲಿಲ್ಲ. ಅವಳಿಗೆ ಬದಲಿ ಕಪ್ಪೆಯೊಂದನ್ನು ಕೊಟ್ಟೆ. ನೀವೂ ಮಾಡಬಹುದು. ಅಂಗಡಿಯಲ್ಲಿ ಸಿಗುವ ಚೈನಾ ಗ್ರಾಸ್, ಅಂದರೆ ಸಿಹಿ ಮಾಡಲು ಬಳಸುವ ಅಗರ್ ಅನ್ನು ನೀರಿನಲ್ಲಿ ಕುದಿಸಿ ಕರಗಿಸಿ. ಗಟ್ಟಿಯಾಗಿ ಹೆಪ್ಪುಗಟ್ಟುವಷ್ಟು ಹಾಕಿದರೆ ಸಾಕು. ಒಂದೇ ಅಳತೆಯ ಸಣ್ಣ ಇಡ್ಲಿ ಬಟ್ಟಲುಗಳಿಗೆ ಸುರಿದು ಆರಲು ಬಿಡಿ. ಈ ತುಂಡುಗಳ ಹೆಚ್ಚಿನ ಪಾಲು ನೀರೇ, ಮೇಲ್ಮೈ ಸದಾ ಒದ್ದೆ. ನೀರು ಕಳೆದುಕೊಳ್ಳುವುದರಲ್ಲಿ ಅವು ಬಹುಮಟ್ಟಿಗೆ ಕಪ್ಪೆಯಂತೆಯೇ. ಕಪ್ಪೆಗಳ ನೀರಿನ ನಷ್ಟವನ್ನು ಬಯಲಿನಲ್ಲಿ ಅಳೆಯುವ ವಿಜ್ಞಾನಿಗಳೂ ಅಗರ್‌ನಿಂದ ಮಾಡಿದ ಕಪ್ಪೆಗಳನ್ನು ಬಳಸುತ್ತಾರೆ.

ತುಂಡುಗಳನ್ನು ತೂಗಿ ಬರೆದಿಡಿ. ಗ್ರಾಂನ ಹತ್ತನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿ ಇಲ್ಲದಿದ್ದರೆ ದೊಡ್ಡ ತುಂಡುಗಳನ್ನು ಮಾಡಿ, ಹೆಚ್ಚು ಹೊತ್ತು ಬಿಡಿ. ಒಂದನ್ನು ಬಚ್ಚಲುಮನೆಯ ಮೂಲೆಯಲ್ಲಿ, ಒಂದನ್ನು ಹಜಾರದಲ್ಲಿ ಫ್ಯಾನಿನ ಕೆಳಗೆ, ಒಂದನ್ನು ಅಂಗಳದ ನೆರಳಿನಲ್ಲಿ, ಒಂದನ್ನು ಪೈಪಿನ ಒಳಗೆ ಇಡಿ. ಇನ್ನೊಂದರ ಅರ್ಧ ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ಅಂಗಳದ ತುಂಡಿನ ಪಕ್ಕದಲ್ಲೇ ಇಡಿ, ಅದು ಕಾಲು ಮಡಚಿ ಕುಳಿತ ಕಪ್ಪೆ. ಎರಡು ಗಂಟೆಗೊಮ್ಮೆ ತೂಗಿ. ಎಲ್ಲಕ್ಕಿಂತ ಬೇಗ ಹಗುರವಾಗುವುದು ಯಾವುದು? ಬಚ್ಚಲಿನ ತುಂಡಿಗೂ ಅಂಗಳದ ತುಂಡಿಗೂ ನಾಲ್ಕು ಪಟ್ಟು ವ್ಯತ್ಯಾಸ ಬರುತ್ತದೆಯೇ, ಇಲ್ಲವೆ ನನ್ನ ಲೆಕ್ಕ ತಪ್ಪೇ? ನಿಮ್ಮ ಬಚ್ಚಲುಮನೆಯ ಆರ್ದ್ರತೆ ನಾನು ಊಹಿಸಿದ ಶೇಕಡ 80 ಆಗಿರಬೇಕಾಗಿಲ್ಲ. ಅದನ್ನೂ ತಿಳಿಯಬೇಕಾದರೆ ಎರಡು ತಾಪಮಾಪಕಗಳನ್ನು ತೆಗೆದುಕೊಂಡು ಒಂದರ ಬುರುಡೆಗೆ ಒದ್ದೆ ಬತ್ತಿ ಸುತ್ತಿ, ಪಠ್ಯಪುಸ್ತಕದ ಕೋಷ್ಟಕ ನೋಡಿ.

ಹೊಸ ಮನೆಯಲ್ಲಿ ಅವಳು ಮೊದಲು ಮಾಡಿದ್ದು ಈ ಪ್ರಯೋಗ. ಫೋನಿನಲ್ಲಿ ಫಲಿತಾಂಶ ಒಪ್ಪಿಸಿದಳು. ಫ್ಯಾನಿನ ಕೆಳಗಿನದ್ದು ಎಲ್ಲಕ್ಕಿಂತ ಬೇಗ ಕುಗ್ಗಿತಂತೆ. ಪೈಪಿನೊಳಗಿನದ್ದು ಬಚ್ಚಲಿನದ್ದಕ್ಕಿಂತಲೂ ಚೆನ್ನಾಗಿ ಉಳಿದಿತ್ತಂತೆ. "ಹಾಗಾದ್ರೆ ಪೈಪ್ ಹಿತ್ತಿಲಿಗೆ ಕಟ್ಟಲಾ ಅಂಕಲ್?" ಎಂದಳು. ಕಟ್ಟು ಎಂದೆ, ಸೊಳ್ಳೆಯ ವಿಷಯ ಮತ್ತೊಮ್ಮೆ ನೆನಪಿಸಿ. ಮುಂಗಾರು ಆರಂಭವಾಗಿ ಕೆಲವು ವಾರವಾದ ಮೇಲೆ ಮತ್ತೆ ಕರೆ ಬಂತು. ಪೈಪಿನಲ್ಲಿ ಯಾರೂ ಇರಲಿಲ್ಲ. ಆದರೆ ಹಿತ್ತಿಲಿನ ಸಿಮೆಂಟ್ ತೊಟ್ಟಿಯ ಒಳಗೋಡೆಗೆ, ನೀರಿನಿಂದ ಗೇಣುದ್ದ ಮೇಲೆ, ಸೋಪಿನ ನೊರೆಯಂತಹ ಬಿಳಿಯ ಉಂಡೆಯೊಂದು ಅಂಟಿಕೊಂಡಿದೆ, ಅಮ್ಮ ಅದನ್ನು ಪೊರಕೆಯಿಂದ ತೆಗೆಯಬೇಕೆಂದಿದ್ದಾರೆ, ಏನದು ಎಂದು ಕೇಳಿದಳು.

ಅದು ಇದೇ ಮರಗಪ್ಪೆಯ ಗೂಡು. ಹೆಣ್ಣು ತನ್ನ ಸ್ರಾವವನ್ನು ಹಿಂಗಾಲುಗಳಿಂದ ಕಡೆದು ನೊರೆಯೆಬ್ಬಿಸಿ ಅದರೊಳಗೆ ನೂರಾರು ಮೊಟ್ಟೆಗಳನ್ನಿಡುತ್ತದೆ. ನೊರೆಯ ಹೊರಮೈ ಒಣಗಿ ಸಿಪ್ಪೆಗಟ್ಟುತ್ತದೆ, ಒಳಗೆ ತೇವ ಉಳಿಯುತ್ತದೆ. ತಾಯಿ ತನ್ನ ಚರ್ಮಕ್ಕೆ ಲೇಪಿಸಿಕೊಂಡು ಮಾಡುವ ಉಳಿತಾಯವನ್ನೇ ಇಲ್ಲಿ ಮೊಟ್ಟೆಗಳಿಗೂ ಮಾಡಿಕೊಟ್ಟಿದೆ. ಕೆಲವು ದಿನಗಳಲ್ಲಿ ಗೂಡು ಕರಗಿ, ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬೀಳುತ್ತವೆ. ಮೂತಿಯ ತುದಿಯಲ್ಲಿ ಬೆಳ್ಳಗೆ ಹೊಳೆಯುವ ಒಂದು ಚುಕ್ಕೆಯಿಂದ ಅವುಗಳನ್ನು ಗುರುತಿಸಬಹುದು. ಅಮ್ಮನಿಗೆ ಹೇಳಿ ಪೊರಕೆ ಕೆಳಗಿಡಿಸು, ತೊಟ್ಟಿಯ ನೀರನ್ನು ಪೂರ್ತಿ ಖಾಲಿ ಮಾಡಬೇಡಿ, ಬ್ಲೀಚಿಂಗ್ ಪುಡಿ ಹಾಕಬೇಡಿ, ಮರಿಗಳಿಗೆ ಕಾಲು ಬಂದಾಗ ಹತ್ತಿ ಹೊರಬರಲು ಒಂದು ಒರಟು ಹಲಗೆಯನ್ನು ಓರೆಯಾಗಿ ಇಡಿ ಎಂದು ಹೇಳಿದೆ. ಹಲಗೆ ಸಿಗಲಿಲ್ಲವೆಂದು ಅವಳು ಒಣಗಿದ ತೆಂಗಿನ ಮಟ್ಟೆಯನ್ನು ಇಟ್ಟಿದ್ದಾಳೆ.